ಹವ್ಯಾಸಿ ಬಾನುಲಿ: ಆಂಟೆನಾ ಕೇಬಲ್ಲನ್ನು ಆರಿಸುವ ಬಗೆ



ಹೊಸಪೇಟೆಯ ಹತ್ತಿರ ತುಂಗಭದ್ರಾ ಅಣೆಕಟ್ಟಿನಿಂದ ಹೊರಟ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ನಮ್ಮ ಆದವಾನಿ, ಎಮ್ಮಿಗನೂರು ಕಡೆಗೆ ಬರುತ್ತದೆ. ಅದರ ಉದ್ದ 300 ಕಿಲೋಮೀಟರಿಗೂ ಹೆಚ್ಚು. ಅಣೆಕಟ್ಟಿನಲ್ಲಿ ಎಷ್ಟು ನೀರು ಬಿಟ್ಟರು ಎಂದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆದರೆ ಕಾಲುವೆಯ ಕೊನೆಯ ರೈತನಿಗೆ ಆ ಲೆಕ್ಕದಿಂದ ಏನೂ ಆಗಬೇಕಾದ್ದಿಲ್ಲ. ದಾರಿಯಲ್ಲಿ ಇಂಗಿದ್ದು, ಆವಿಯಾದದ್ದು, ಮೇಲಿನವರು ತೆಗೆದುಕೊಂಡದ್ದು ಎಲ್ಲ ಕಳೆದು ತನ್ನ ತೂಬಿಗೆ ಎಷ್ಟು ಬಂತು ಎಂಬುದೊಂದೇ ಅವನ ಲೆಕ್ಕ. ಇವತ್ತು ನಾನು ಹೇಳಹೊರಟಿರುವ ವಿಷಯ ವೈರ್‌ಲೆಸ್ಸಿನದು. ಆದರೂ ಈ ಕಾಲುವೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಹವ್ಯಾಸಿ ಬಾನುಲಿ, ಅಂದರೆ ಹ್ಯಾಮ್ ರೇಡಿಯೋ, ಎಂದರೆ ಏನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ಪಾಸಾಗಿ ಲೈಸೆನ್ಸು ಪಡೆದವರು ತಮ್ಮ ಮನೆಯಲ್ಲಿಯೇ ವೈರ್‌ಲೆಸ್ ನಿಲ್ದಾಣ ಇಟ್ಟುಕೊಂಡು ಬೇರೆ ಊರಿನ, ಬೇರೆ ದೇಶದ ಹವ್ಯಾಸಿಗಳ ಜತೆ ಮಾತನಾಡಬಹುದು. ಅವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ಪರೀಕ್ಷೆಗೆ ಕೂರಲು ಡಿಗ್ರಿ ಬೇಕಿಲ್ಲ. ನನ್ನಂತೆ ಮೆಟ್ರಿಕ್ ಓದಿದವರೂ ಕೂರಬಹುದು, ಶಾಲೆಗೆ ಹೋಗುವ ಮಕ್ಕಳೂ ಕೂರಬಹುದು. ಬೆಂಗಳೂರಿನ ಹವ್ಯಾಸಿಗಳ ಸಂಘ 1959ರಿಂದ ಇದೆ. ಹೈದರಾಬಾದಿನಲ್ಲಿ 1983ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಸಂಸ್ಥೆ ಶುರುವಾಯಿತು. ಲೈಸೆನ್ಸು ಕೈಗೆ ಬರುವವರೆಗೆ ಕೇಳುವುದನ್ನು ಮಾತ್ರ ಮಾಡಿ, ಮಾತನಾಡುವ ಗುಂಡಿ ಒತ್ತಬೇಡಿ. ಅದು ಕಾನೂನಿಗೆ ವಿರುದ್ಧ.

ಹೊಸದಾಗಿ ಲೈಸೆನ್ಸು ಪಡೆದವರು ಮಾಡುವ ಕೆಲಸ ಏನು? ಕೂಡಿಟ್ಟ ಹಣದಲ್ಲಿ ಬಹುಪಾಲು ಸೆಟ್ಟಿಗೆ ಹಾಕುತ್ತಾರೆ. ಉಳಿದುದರಲ್ಲಿ ಆಂಟೆನಾ ಕೊಳ್ಳುತ್ತಾರೆ. ಕೊನೆಗೆ ಜೇಬಿನಲ್ಲಿ ಉಳಿದ ಚಿಲ್ಲರೆಗೆ ಸಿಕ್ಕ ಕೇಬಲ್ಲನ್ನು ತಂದು ಎರಡನ್ನೂ ಜೋಡಿಸುತ್ತಾರೆ. ನಮ್ಮಲ್ಲಿ ಒಂದು ಗಾದೆ ಇದೆ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಎಂದು. ಸೆಟ್ಟು ದೇವರಾದರೆ ಕೇಬಲ್ಲು ಪೂಜಾರಿ. ಸೆಟ್ಟು ಕೊಟ್ಟ ಶಕ್ತಿಯನ್ನು ಆಂಟೆನಾಕ್ಕೆ ತಲುಪಿಸುವುದೂ, ನಡುವೆ ತಾನೇ ಉಂಡುಬಿಡುವುದೂ ಅದರ ಕೈಯಲ್ಲಿದೆ.

ಮೊದಲು ಈ ಕೇಬಲ್ಲಿನ ರಚನೆ ನೋಡೋಣ. ನಿಮ್ಮ ಮನೆಯ ಡಿಷ್ ಟೀವಿಯ ತಂತಿಯನ್ನು ತುದಿಯಲ್ಲಿ ಸುಲಿದು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ನಟ್ಟನಡುವೆ ಒಂದು ಲೋಹದ ತಂತಿ. ಅದರ ಸುತ್ತ ಬಿಳಿಯ ಪ್ಲಾಸ್ಟಿಕ್ ತಿರುಳು. ತಿರುಳಿನ ಮೇಲೆ ಜಡೆಯಂತೆ ಹೆಣೆದ ಸಣ್ಣ ತಂತಿಗಳ ಬಲೆ, ಕೆಲವದರಲ್ಲಿ ಬಲೆಯ ಅಡಿ ಒಂದು ತೆಳು ಹಾಳೆ. ಎಲ್ಲದರ ಮೇಲೆ ಹೊರ ಸಿಪ್ಪೆ. ನಡುವಿನ ತಂತಿಗೂ ಸುತ್ತಲಿನ ಬಲೆಗೂ ಕೇಂದ್ರ ಒಂದೇ ಆದುದರಿಂದ ಇದಕ್ಕೆ ಕೋಆಕ್ಸಿಯಲ್ ಕೇಬಲ್ ಎಂದು ಹೆಸರು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಶಕ್ತಿಯೆಲ್ಲ ತಂತಿಗೂ ಬಲೆಗೂ ನಡುವಿನ ತಿರುಳಿನಲ್ಲಿಯೇ ಹರಿಯುತ್ತದೆ. ಹೊರಗೆ ಸೋರುವುದಿಲ್ಲ, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಗೋಡೆಯ ಮೇಲೆ, ಕಿಟಕಿಯ ಚೌಕಟ್ಟಿನ ಮೂಲಕ ಹೇಗೆ ಬೇಕಾದರೂ ಒಯ್ಯಬಹುದು.

ಅದರ ಮೇಲೆ ಬರೆದಿರುವ ಅಕ್ಷರಗಳಿಗೂ ಅರ್ಥವಿದೆ. ಆರ್‌ಜಿ-58, ಆರ್‌ಜಿ-213, ಆರ್‌ಜಿ-6 ಎಂಬ ಹೆಸರುಗಳು ಅಮೆರಿಕದ ಸೈನ್ಯ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಕಿಕೊಟ್ಟ ಪದ್ಧತಿಯಿಂದ ಬಂದವು. ಆರ್‌ಜಿ-58 ನಮ್ಮ ಪೆನ್ಸಿಲ್ಲಿಗಿಂತ ಸಣ್ಣದು, ಸುಮಾರು 5 ಮಿಲಿಮೀಟರ್ ದಪ್ಪ. ಆರ್‌ಜಿ-213 ಅದರ ಎರಡರಷ್ಟು ದಪ್ಪ, ಸುಮಾರು 10 ಮಿಲಿಮೀಟರ್. ಎಲ್‌ಎಂಆರ್-400 ಎಂಬುದು ಒಂದು ಕಂಪನಿಯ ವ್ಯಾಪಾರದ ಹೆಸರು. ಅದೂ 10 ಮಿಲಿಮೀಟರ್ ದಪ್ಪವೇ, ಆದರೆ ಅದರ ತಿರುಳು ಗಟ್ಟಿ ಪ್ಲಾಸ್ಟಿಕ್ ಅಲ್ಲ, ಗಾಳಿಗುಳ್ಳೆ ತುಂಬಿದ ಫೋಮ್. ಡಿಷ್ ಟೀವಿಗೆ ಬಳಸುವುದು ಆರ್‌ಜಿ-6, ಸುಮಾರು 7 ಮಿಲಿಮೀಟರ್.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೇಬಲ್ಲು ಎಷ್ಟು ತಿನ್ನುತ್ತದೆ ಎಂಬುದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಈ ಶಬ್ದ ಕೇಳಿ ಹೆದರಬೇಡಿ. 3 ಡೆಸಿಬೆಲ್ ನಷ್ಟವೆಂದರೆ ಅರ್ಧ ಹೋಯಿತು, ಅರ್ಧ ಉಳಿಯಿತು. 6 ಎಂದರೆ ಕಾಲುಭಾಗ ಉಳಿಯಿತು. 10 ಎಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಇಷ್ಟು ಬಾಯಿಪಾಠ ಮಾಡಿದರೆ ಸಾಕು. ಇದು ನಾವು ಬ್ಯಾಂಕಿನಲ್ಲಿ ಮಾಡುತ್ತಿದ್ದ ಇಳಿಕೆ ಬಾಕಿಯ ಲೆಕ್ಕದ ಹಾಗೆ. ಪ್ರತಿ ಮೀಟರಿನಲ್ಲಿಯೂ ಕೇಬಲ್ಲು ಮೂಲ ಮೊತ್ತದಲ್ಲಿ ಅಲ್ಲ, ಆ ಹೊತ್ತಿಗೆ ಉಳಿದ ಮೊತ್ತದಲ್ಲಿ ಇಂತಿಷ್ಟು ಪಾಲು ಕತ್ತರಿಸುತ್ತದೆ. 145 ಮೆಗಾಹರ್ಟ್ಸ್ ಅಲೆಗೆ ಆರ್‌ಜಿ-58 ಮೀಟರಿಗೆ ನೂರಕ್ಕೆ ಸುಮಾರು ನಾಲ್ಕೂವರೆ ಕತ್ತರಿಸುತ್ತದೆ. ಕೇಳಲು ಅಲ್ಪವೇ. ಆದರೆ 15 ಮೀಟರ್ ದಾಟುವ ಹೊತ್ತಿಗೆ ಅರ್ಧ ಹೋಗಿರುತ್ತದೆ, 30 ಮೀಟರಿಗೆ ಮುಕ್ಕಾಲು ಹೋಗಿರುತ್ತದೆ, 45 ಮೀಟರಿಗೆ ಎಂಟರಲ್ಲಿ ಒಂದು ಪಾಲು ಉಳಿದಿರುತ್ತದೆ. ಹೋದದ್ದೆಲ್ಲ ಎಲ್ಲಿ ಹೋಯಿತು? ಕೇಬಲ್ಲನ್ನು ಬೆಚ್ಚಗೆ ಮಾಡಲು ಹೋಯಿತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಕೇಬಲ್ಲು, ಅದೇ ಉದ್ದ, ಆದರೆ ಅಲೆ ಬದಲಾದರೆ ನಷ್ಟವೂ ಬದಲಾಗುತ್ತದೆ. ಕಂಪನ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಸೆಟ್ಟಿನಿಂದ 100 ರೂಪಾಯಿ ಕಳಿಸಿದಿರಿ ಎಂದುಕೊಳ್ಳಿ, ಕೇಬಲ್ಲಿನ ಉದ್ದ 30 ಮೀಟರ್. ಆಂಟೆನಾದ ಖಾತೆಗೆ ಎಷ್ಟು ಜಮಾ ಆಗುತ್ತದೆ ಎಂದು ಹೇಳುತ್ತೇನೆ, ಕಾಗದ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ.

ಆರ್‌ಜಿ-58ರಲ್ಲಿ, 7 ಮೆಗಾಹರ್ಟ್ಸಿನಲ್ಲಿ ಸುಮಾರು 76 ರೂಪಾಯಿ. 145 ಮೆಗಾಹರ್ಟ್ಸಿನಲ್ಲಿ 25 ರೂಪಾಯಿ. 435 ಮೆಗಾಹರ್ಟ್ಸಿನಲ್ಲಿ ಬರೀ 8 ರೂಪಾಯಿ.

ಆರ್‌ಜಿ-213ರಲ್ಲಿ, ಅದೇ ಕ್ರಮದಲ್ಲಿ, ಸುಮಾರು 89, 54 ಮತ್ತು 32 ರೂಪಾಯಿ.

ಎಲ್‌ಎಂಆರ್-400 ಜಾತಿಯ ಕೇಬಲ್ಲಿನಲ್ಲಿ ಸುಮಾರು 93, 71 ಮತ್ತು 54 ರೂಪಾಯಿ.

ತಯಾರಕರಿಂದ ತಯಾರಕರಿಗೆ ಈ ಅಂಕಿಗಳು ಒಂದಿಷ್ಟು ಹೆಚ್ಚುಕಡಿಮೆ ಆಗುತ್ತವೆ. ಆದರೆ ಒಟ್ಟು ಪಾಠ ಬದಲಾಗುವುದಿಲ್ಲ. 7 ಮೆಗಾಹರ್ಟ್ಸಿನಲ್ಲಿ, ಅಂದರೆ ನಮ್ಮ ದೇಶದ ಹವ್ಯಾಸಿಗಳು ಬೆಳಗ್ಗೆ ಕೂಡಿ ಮಾತನಾಡುವ 40 ಮೀಟರ್ ಪಟ್ಟಿಯಲ್ಲಿ, ಸಣ್ಣ ಕೇಬಲ್ಲಿಗೂ ದಪ್ಪ ಕೇಬಲ್ಲಿಗೂ ವ್ಯತ್ಯಾಸ 13 ರೂಪಾಯಿ ಮಾತ್ರ. ಆ ವ್ಯತ್ಯಾಸ ಆಚೆ ಕಡೆ ಕೇಳುವವರ ಕಿವಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ದಪ್ಪ ಕೇಬಲ್ಲಿಗೆ ಹಣ ಸುರಿಯುವುದು ದಂಡ. ಆದರೆ 145ಕ್ಕೆ ಬಂದರೆ 25ಕ್ಕೂ 71ಕ್ಕೂ ಅಂತರ. 435ಕ್ಕೆ ಬಂದರೆ 8ಕ್ಕೂ 54ಕ್ಕೂ ಅಂತರ. 5 ವಾಟ್ ಸೆಟ್ಟನ್ನು 30 ಮೀಟರ್ ಆರ್‌ಜಿ-58ಕ್ಕೆ ಕಟ್ಟಿ 435ರಲ್ಲಿ ಮಾತನಾಡಿದರೆ ಆಂಟೆನಾಕ್ಕೆ ಅರ್ಧ ವಾಟ್ ಕೂಡ ತಲುಪುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋಗಿ. ಯಾವ ಅಲೆ? ಎಷ್ಟು ಉದ್ದ? ಈ ಎರಡು ತಿಳಿಯದೆ, ಒಳ್ಳೆಯ ಕೇಬಲ್ಲು ಯಾವುದು ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು.

ನಷ್ಟ ಹೋಗುವಾಗ ಮಾತ್ರವಲ್ಲ, ಬರುವಾಗಲೂ ಉಂಟು. ದೂರದಿಂದ ಬಂದ ಕ್ಷೀಣ ಧ್ವನಿಯಲ್ಲಿಯೂ ಕೇಬಲ್ಲು ತನ್ನ ಪಾಲು ಹಿಡಿದುಕೊಳ್ಳುತ್ತದೆ. 7 ಮೆಗಾಹರ್ಟ್ಸಿನಲ್ಲಿ ಆಕಾಶದ ಗದ್ದಲವೂ ಧ್ವನಿಯೂ ಒಟ್ಟಿಗೆ ಇಳಿಯುವುದರಿಂದ ಅಷ್ಟು ತೊಂದರೆಯಿಲ್ಲ. 145 ಮತ್ತು 435ರಲ್ಲಿ ಮಾತ್ರ ಕೇಳಬೇಕಾದ ಧ್ವನಿ ಸೆಟ್ಟಿನ ಒಳಗಿನ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹೋಗುವ ನಷ್ಟವನ್ನು ದೊಡ್ಡ ಸೆಟ್ಟು ತಂದು ತುಂಬಬಹುದು, ಬರುವ ನಷ್ಟವನ್ನು ದೊಡ್ಡ ಸೆಟ್ಟು ತುಂಬುವುದಿಲ್ಲ.

ಇನ್ನು 50 ಓಮ್, 75 ಓಮ್ ಎಂಬ ವಿಚಾರ. ಹ್ಯಾಮ್ ಸೆಟ್ಟುಗಳೆಲ್ಲ 50 ಓಮಿಗೆ ತಯಾರಾಗಿವೆ. ಟೀವಿಯ ಆರ್‌ಜಿ-6 ಕೇಬಲ್ಲು 75 ಓಮಿನದು. ಇದು ಮಲ್ಟಿಮೀಟರಿನಲ್ಲಿ ಅಳೆದರೆ ಸಿಗುವ ಓಮ್ ಅಲ್ಲ. ತಂತಿಯ ದಪ್ಪ, ಬಲೆಯ ಅಗಲ, ನಡುವಿನ ತಿರುಳು ಇವುಗಳಿಂದ ತೀರ್ಮಾನವಾಗುವ ಕೇಬಲ್ಲಿನ ಗುಣ. ಗಾಳಿಯ ತಿರುಳಿರುವ ಕೇಬಲ್ಲಿನಲ್ಲಿ ಹೆಚ್ಚು ಶಕ್ತಿ ತಾಳುವುದು 30 ಓಮಿನ ಹತ್ತಿರ, ಕಡಿಮೆ ನಷ್ಟವಾಗುವುದು 77 ಓಮಿನ ಹತ್ತಿರ. ಎರಡರ ನಡುವೆ ಮಾಡಿಕೊಂಡ ರಾಜಿಯೇ 50. ಟೀವಿಯವರಿಗೆ ಶಕ್ತಿ ಕಳಿಸುವ ಕೆಲಸವಿಲ್ಲ, ನಷ್ಟ ಕಡಿಮೆಯಾದರೆ ಸಾಕು, ಅದಕ್ಕೆ ಅವರು 75 ಹಿಡಿದರು.

ಹಾಗಾದರೆ ಆರ್‌ಜಿ-6ನ್ನು ಹ್ಯಾಮ್ ಕೆಲಸಕ್ಕೆ ಬಳಸಬಾರದೇ? ಬಳಸಬಾರದು ಎಂದು ಪುಸ್ತಕ ಓದಿದವರು ಥಟ್ಟನೆ ಹೇಳಿಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. 50ಕ್ಕೂ 75ಕ್ಕೂ ಜೋಡಿಸಿದ ಜಾಗದಲ್ಲಿ ಹಿಂದಕ್ಕೆ ಪುಟಿಯುವ ಶಕ್ತಿ ನೂರಕ್ಕೆ 4 ಮಾತ್ರ. ಅದೇ 30 ಮೀಟರ್ ಉದ್ದದಲ್ಲಿ, 145 ಮೆಗಾಹರ್ಟ್ಸಿನಲ್ಲಿ, ಆರ್‌ಜಿ-6 ನೂರಕ್ಕೆ 55ರಿಂದ 60 ತಲುಪಿಸುತ್ತದೆ. ಆರ್‌ಜಿ-58 ತಲುಪಿಸುವುದು 25. ಹೊಂದಾಣಿಕೆಯಿಲ್ಲದ ಕೇಬಲ್ಲು ಹೊಂದಾಣಿಕೆಯಿರುವ ಕೇಬಲ್ಲಿಗಿಂತ ಎರಡರಷ್ಟು ತಲುಪಿಸಿತು! ಅದೂ ಆದವಾನಿಯ ಯಾವ ಟೀವಿ ಅಂಗಡಿಯಲ್ಲಿ ಬೇಕಾದರೂ ಸಿಗುವ, ಕಡಿಮೆ ಬೆಲೆಯ ಮಾಲು. ಆರ್‌ಜಿ-213 ಬೇಕೆಂದರೆ ಹೈದರಾಬಾದಿನ ಕೋಠಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಬೇಕು, ಇಲ್ಲವೇ ಪಾರ್ಸೆಲ್ ತರಿಸಬೇಕು.

ಆರ್‌ಜಿ-6ರಲ್ಲಿ ಎರಡು ಎಚ್ಚರಿಕೆ ಬೇಕು. ಅದರ ಬಲೆ ಸಾಮಾನ್ಯವಾಗಿ ಅಲ್ಯೂಮಿನಿಯಮ್, ಬೆಸುಗೆ ಹಿಡಿಯುವುದಿಲ್ಲ. ಟೀವಿಯವರು ಬಳಸುವ ಎಫ್ ಕನೆಕ್ಟರನ್ನು ಒತ್ತಿ ಕೂರಿಸಿ, ಸೆಟ್ಟಿಗೆ ತಕ್ಕ ಅಡಾಪ್ಟರ್ ಹಾಕಿಕೊಳ್ಳಬೇಕು. ಎರಡನೆಯದು, ನಡುವಿನ ತಂತಿ ಬಹಳ ಸಲ ತಾಮ್ರ ಲೇಪಿಸಿದ ಉಕ್ಕು. ಅಲೆಯ ಕಂಪನ ಹೆಚ್ಚಿದಂತೆ ವಿದ್ಯುತ್ತು ತಂತಿಯ ಮೇಲ್ಮೈಯಲ್ಲಿ ಮಾತ್ರ ಹರಿಯುವುದರಿಂದ 145ರಲ್ಲಿ ಲೇಪನವೇ ಸಾಕು. 3.5 ಮೆಗಾಹರ್ಟ್ಸಿನಂಥ ಕೆಳಗಿನ ಅಲೆಗಳಲ್ಲಿ ಉಕ್ಕಿಗೂ ಇಳಿದು ನಷ್ಟ ಹೆಚ್ಚುತ್ತದೆ.

ಇಲ್ಲಿ ಒಂದು ಮೋಸದ ಬಗ್ಗೆ ಹೇಳಬೇಕು. ಹ್ಯಾಮ್‌ಗಳು ಎಸ್‌ಡಬ್ಲ್ಯುಆರ್ ಮೀಟರ್ ಎಂಬ ಉಪಕರಣವನ್ನು ಸೆಟ್ಟಿನ ಪಕ್ಕದಲ್ಲಿ ಇಡುತ್ತಾರೆ. ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬಂತು ಎಂಬುದನ್ನು ಅದು ತೋರಿಸುತ್ತದೆ. 1 ಎಂದು ತೋರಿಸಿದರೆ ಪೂರ್ಣ ಹೊಂದಾಣಿಕೆ, ಅಂಕಿ ಏರಿದಷ್ಟೂ ಕೆಟ್ಟದ್ದು. ಮೀಟರು ಒಂದೂವರೆ, ಒಂದೂ ಮುಕ್ಕಾಲು ತೋರಿಸಿದರೆ ಎಲ್ಲ ಸರಿಯಿದೆ ಎಂದು ನೆಮ್ಮದಿಯಾಗಿರುತ್ತಾರೆ. ಆದರೆ 30 ಮೀಟರ್ ಆರ್‌ಜಿ-58 ಕಟ್ಟಿ, ಮೇಲಿನ ತುದಿಯಲ್ಲಿ ಆಂಟೆನಾವನ್ನೇ ಬಿಚ್ಚಿಟ್ಟು, 145ರಲ್ಲಿ ಅಳೆದರೂ ಮೀಟರು ಸುಮಾರು 1.7 ತೋರಿಸುತ್ತದೆ. ಹೇಗೆಂದರೆ, ಹೋಗುವಾಗ ಮುಕ್ಕಾಲು ಪಾಲು ಕೇಬಲ್ಲಿನಲ್ಲಿಯೇ ಕರಗಿತು. ಉಳಿದ ಕಾಲುಭಾಗ ತುದಿಯಿಂದ ಪುಟಿದು ಬರುವಾಗ ಅದರಲ್ಲಿಯೂ ಮುಕ್ಕಾಲು ಕರಗಿತು. ಮೀಟರಿಗೆ ಹಿಂದಿರುಗಿದ್ದು ಹದಿನಾರರಲ್ಲಿ ಒಂದು ಪಾಲು. ಪಾಪ, ಮೀಟರಿಗೇನು ಗೊತ್ತು? ಹೆಚ್ಚು ವಾಪಸು ಬರಲಿಲ್ಲ, ಆದ್ದರಿಂದ ಎಲ್ಲ ಆಕಾಶಕ್ಕೆ ಹೋಗಿದೆ ಎಂದು ಅದು ತಿಳಿಯುತ್ತದೆ.

ಬ್ಯಾಂಕಿನ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಎಂದ ಮಾತ್ರಕ್ಕೆ ಪುಸ್ತಕ ಸರಿಯಿದೆ ಎಂದು ಅರ್ಥವಲ್ಲ. ರಾಮಪ್ಪನ ಖಾತೆಗೆ ಹೋಗಬೇಕಾದ್ದು ಭೀಮಪ್ಪನ ಖಾತೆಗೆ ಹೋಗಿದ್ದರೂ ತಾಳೆ ಆಗುತ್ತದೆ. ಆದ್ದರಿಂದ ಮೀಟರನ್ನು ಸಾಧ್ಯವಾದರೆ ಮೇಲೆ, ಆಂಟೆನಾದ ಬುಡದಲ್ಲಿ ಒಂದು ಸಲ ಇಟ್ಟು ನೋಡಿ. ಸೆಟ್ಟಿನ ಬಳಿ ಎಷ್ಟು ವಾಟ್, ಮೇಲೆ ಎಷ್ಟು ವಾಟ್ ಎಂದು ಎರಡು ಕಡೆ ಬರೆದುಕೊಳ್ಳಿ. ಆ ಎರಡು ಅಂಕಿಗಳೇ ನಿಮ್ಮ ಕೇಬಲ್ಲಿನ ನಿಜವಾದ ಪಾಸ್‌ಬುಕ್ಕು. ವರ್ಷಕ್ಕೊಮ್ಮೆ ಅಳೆದು ಹಳೆಯದರೊಂದಿಗೆ ಹೋಲಿಸಿದರೆ ಕೇಬಲ್ಲು ಹಾಳಾಗುತ್ತಿರುವುದು ಮೊದಲೇ ಗೊತ್ತಾಗುತ್ತದೆ.

ಕೊಳ್ಳುವಾಗ ಹೇಗೆ ಪರೀಕ್ಷಿಸುವುದು? ಆದವಾನಿ ಹತ್ತಿ ಮಾರುಕಟ್ಟೆಗೆ ಹೋಗಿ ನೋಡಿ. ಖರೀದಿದಾರರು ಚೀಲದ ಮೇಲಿನ ಬರಹ ನೋಡಿ ದರ ಹೇಳುವುದಿಲ್ಲ. ರಾಶಿಯ ಒಳಗೆ ಕೈ ಹಾಕಿ ಒಂದು ಹಿಡಿ ಎಳೆದು, ಎಳೆ ಎಷ್ಟು ಉದ್ದ ಇದೆ, ಕಸ ಎಷ್ಟಿದೆ ಎಂದು ಬೆರಳಲ್ಲಿ ಬಿಡಿಸಿ ನೋಡುತ್ತಾರೆ. ಕೇಬಲ್ಲನ್ನೂ ಹಾಗೆಯೇ ನೋಡಬೇಕು. ಸಿಪ್ಪೆಯ ಮೇಲೆ ಆರ್‌ಜಿ-58 ಎಂದು ಅಚ್ಚು ಹಾಕಲು ಯಾರಿಗೂ ಅಡ್ಡಿಯಿಲ್ಲ. ತುದಿಯ ಎರಡು ಇಂಚು ಸುಲಿಸಿ. ಬಲೆ ದಟ್ಟವಾಗಿದೆಯೇ, ಅಥವಾ ಸಂದಿಯಲ್ಲಿ ಬಿಳಿಯ ತಿರುಳು ಕಾಣುತ್ತದೆಯೇ? ಬಲೆಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗಾದರೆ ಅಲ್ಯೂಮಿನಿಯಮ್ಮಿಗೆ ತಾಮ್ರದ ಬಣ್ಣ ಬಳಿದದ್ದು. ತವರದ ಲೇಪನವಿರುವ ಒಳ್ಳೆಯ ತಾಮ್ರವೂ ಮೇಲೆ ಬೆಳ್ಳಗಿರುತ್ತದೆ, ಅದು ಕೆರೆದಾಗ ಕೆಂಪಾಗುತ್ತದೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡಿದ್ದರೆ ನಡುವಿನ ತಂತಿ ಉಕ್ಕೋ ಅಲ್ಲವೋ ತಿಳಿಯುತ್ತದೆ. ನಡುವಿನ ತಂತಿ ತಿರುಳಿನ ಸರಿ ಮಧ್ಯದಲ್ಲಿಯೇ ಇದೆಯೇ ಎಂದು ಕಣ್ಣಿಟ್ಟು ನೋಡಿ. ಎರಡು ಸುರುಳಿಗಳನ್ನು ಕೈಯಲ್ಲಿ ತೂಗಿ ನೋಡಿ, ತಾಮ್ರದ ಮಾಲು ಭಾರ ಇರುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಸುಳ್ಳಲ್ಲ.

ನಮ್ಮ ಸೀಮೆಯ ಬಿಸಿಲಿಗೆ ಹೊರ ಸಿಪ್ಪೆ ಕಪ್ಪಗಿರುವುದೇ ಒಳ್ಳೆಯದು. ಕಪ್ಪು ಬಣ್ಣ ಕೊಡುವ ಇಂಗಾಲ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಮನೆಯೊಳಗಿನ ಬಳಕೆಗೆಂದು ಮಾಡಿದ ಬಿಳಿಯ ಸಿಪ್ಪೆಯ ಕೇಬಲ್ಲನ್ನು ಮಾಳಿಗೆಯ ಮೇಲೆ ಹಾಕಿದರೆ ಬೇಗ ಬಿರುಕು ಬಿಡುತ್ತದೆ. ಫೋಮ್ ತಿರುಳಿನ ಕೇಬಲ್ಲನ್ನು ಎಲ್ಲಿಯೂ ಮುರಿದಂತೆ ಬಗ್ಗಿಸಬೇಡಿ. ಬೇಸಿಗೆಯಲ್ಲಿ ಕಾದ ಮಾಳಿಗೆಯ ಮೇಲೆ ತಿರುಳು ಮೆತ್ತಗಾಗಿ, ಬಾಗಿದ ಜಾಗದಲ್ಲಿ ನಡುವಿನ ತಂತಿ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಕೇಬಲ್ಲಿನ ದಪ್ಪದ ಹತ್ತರಷ್ಟು ತ್ರಿಜ್ಯಕ್ಕಿಂತ ಕಡಿಮೆ ಬಗ್ಗಿಸಬಾರದು ಎಂಬುದು ರೂಢಿಯ ಲೆಕ್ಕ.

ಬಿಸಿಲಿಗಿಂತ ದೊಡ್ಡ ಶತ್ರು ನೀರು. ನಾನು ಕೆಲಸ ಮಾಡಿದ ಒಂದು ಹಳ್ಳಿಯ ಶಾಖೆಯಲ್ಲಿ ಕಂಪ್ಯೂಟರಿನ ಸಂಪರ್ಕ ಮಾಳಿಗೆಯ ಮೇಲಿನ ಉಪಗ್ರಹ ಡಿಷ್ಷಿನಿಂದ ಬರುತ್ತಿತ್ತು. ಒಂದು ಮಳೆಗಾಲ ಸಂಪರ್ಕ ಪದೇ ಪದೇ ಕಡಿಯತೊಡಗಿತು. ಪಿಂಚಣಿಯವರು ಪಾಸ್‌ಬುಕ್ಕು ಹಿಡಿದು ಇಡೀ ದಿನ ಜಗಲಿಯ ಮೇಲೆ ಕೂತರು. ಕೊನೆಗೆ ಬಂದ ಇಂಜಿನಿಯರು ಡಿಷ್ಷಿನ ಹಿಂದಿನ ಒಂದು ಕನೆಕ್ಟರನ್ನು ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು. ಬಲೆ ಕಪ್ಪಾಗಿ ಹಿಡಿದರೆ ಪುಡಿಯಾಗುತ್ತಿತ್ತು. ಕನೆಕ್ಟರಿನ ಬೆಲೆ ಕೆಲವೇ ರೂಪಾಯಿ. ಹೊರಗಿನ ಕನೆಕ್ಟರಿಗೆ ಒಂದು ಸುತ್ತು ಸಾಮಾನ್ಯ ಟೇಪು ಸಾಕು ಎಂದು ಜೋಡಿಸಿದವರು ಅಂದುಕೊಂಡಿದ್ದರು. ಬಿಸಿಲಿಗೆ ಅದರ ಅಂಟು ಕರಗಿ ಬಿಟ್ಟುಕೊಂಡಿತ್ತು.

ಹೊರಗಿನ ಪ್ರತಿ ಕೂಡಿಗೂ ತಾನೇ ತನ್ನೊಂದಿಗೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಕಪ್ಪು ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದ ಕ್ರಮದಲ್ಲಿ ಸುತ್ತಿ. ಕೇಬಲ್ಲು ಕಿಟಕಿಯೊಳಗೆ ಬರುವ ಮೊದಲು ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಲಿ, ಮಳೆನೀರು ಆ ಜೋತಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಒಮ್ಮೆ ಬಲೆಯೊಳಗೆ ನೀರು ಹೋದ ಕೇಬಲ್ಲನ್ನು ಒಣಗಿಸಿ ಬಳಸುವ ಆಸೆ ಬೇಡ. ಇಲಿ, ಅಳಿಲು, ಕೋತಿಗಳ ಕಾಟವಿದ್ದಲ್ಲಿ ಕೇಬಲ್ಲನ್ನು ಪೈಪಿನಲ್ಲಿ ತನ್ನಿ. ಕರೆಂಟಿನ ತಂತಿಯ ಹತ್ತಿರ ಕೇಬಲ್ಲನ್ನಾಗಲಿ ಆಂಟೆನಾ ಕಂಬವನ್ನಾಗಲಿ ಸರ್ವಥಾ ಒಯ್ಯಬೇಡಿ. ಕಂಬ ಜಾರಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಗುಡುಗು ಕೇಳುವ ಮೊದಲೇ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೆ ಇಡಿ, ಕಂಬಕ್ಕೆ ಒಳ್ಳೆಯ ಅರ್ಥಿಂಗ್ ಮಾಡಿಸಿ.

ಇನ್ನೊಂದು ಸಂದೇಹ ನಿಮಗೆ ಬರಬಹುದು. ಕೇಬಲ್ಲು ಉದ್ದವಾದಷ್ಟೂ ನಷ್ಟವಾದರೆ ಆಂಟೆನಾವನ್ನು ಕೆಳಗೇ ಇಟ್ಟರೆ ಲಾಭವಲ್ಲವೇ? ಅಲ್ಲ. ನಮ್ಮಂಥ ಬಯಲು ಸೀಮೆಯಲ್ಲಿ 145 ಮೆಗಾಹರ್ಟ್ಸಿನ ಆಂಟೆನಾವನ್ನು 5 ಮೀಟರಿನಿಂದ 10 ಮೀಟರಿಗೆ ಏರಿಸಿದರೆ ದೂರದ ಊರಿಗೆ ತಲುಪುವ ಶಕ್ತಿ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಹೆಚ್ಚಾದ 5 ಮೀಟರ್ ಕೇಬಲ್ಲು, ಅದು ಆರ್‌ಜಿ-58 ಆಗಿದ್ದರೂ, ತಿನ್ನುವುದು ಐದರಲ್ಲಿ ಒಂದು ಪಾಲು. ಎತ್ತರಕ್ಕೆ ಕೊಟ್ಟ ಕೇಬಲ್ಲು ಬಡ್ಡಿ ಸಮೇತ ವಾಪಸು ಕೊಡುತ್ತದೆ. ದಂಡವಾಗುವುದು ಯಾವುದೆಂದರೆ, ಇರಲಿ ಎಂದು ಹೆಚ್ಚು ಕೊಂಡು ಮೇಜಿನ ಕೆಳಗೆ ಸುರುಳಿ ಸುತ್ತಿಟ್ಟ ಕೇಬಲ್ಲು. ಅದನ್ನು ಕತ್ತರಿಸಿ ತೆಗೆಯಿರಿ. ಸೆಟ್ಟನ್ನು ಕೆಳಗಿನ ಪಡಸಾಲೆಯ ಬದಲು ಮಾಳಿಗೆಯ ಮೇಲಿನ ಕೋಣೆಯಲ್ಲಿಟ್ಟರೆ ಹತ್ತು ಮೀಟರ್ ಪುಕ್ಕಟೆ ಉಳಿಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಒಂದು ಪಟ್ಟಿಯಾಗಿ ಕಟ್ಟಿಕೊಡುತ್ತೇನೆ. ನೀವು 7 ಅಥವಾ 14 ಮೆಗಾಹರ್ಟ್ಸಿನಲ್ಲಿ ಮಾತ್ರ ಮಾತನಾಡುವವರಾದರೆ, 30 ಮೀಟರಿನವರೆಗೆ ಒಳ್ಳೆಯ ತಾಮ್ರದ ಆರ್‌ಜಿ-58 ಸಾಕು. ಉಳಿಸಿದ ಹಣದಲ್ಲಿ ಆಂಟೆನಾವನ್ನು ಎತ್ತರಕ್ಕೆ ಏರಿಸಿ. 145 ಮೆಗಾಹರ್ಟ್ಸಾದರೆ, 8-10 ಮೀಟರಿನವರೆಗೆ ಆರ್‌ಜಿ-58 ನಡೆಯುತ್ತದೆ. ಅದಕ್ಕಿಂತ ಉದ್ದವಾದರೆ, ಕೈ ಬಿಗಿ ಇದ್ದವರು ಆರ್‌ಜಿ-6, ಅನುಕೂಲ ಇದ್ದವರು ಆರ್‌ಜಿ-213. 435 ಮೆಗಾಹರ್ಟ್ಸಾದರೆ, ಅಥವಾ ಉದ್ದ 25-30 ಮೀಟರ್ ಆದರೆ, ಎಲ್‌ಎಂಆರ್-400 ಜಾತಿಯದೇ ಆಗಬೇಕು. ಹಳೆಯ ಕೇಬಲ್ಲು ಪುಕ್ಕಟೆ ಸಿಕ್ಕಿತೆಂದು ಅಳೆದು ನೋಡದೆ ಹಾಕಬೇಡಿ.

ಇಷ್ಟೆಲ್ಲ ಏಕೆ ಲೆಕ್ಕ ಮಾಡಬೇಕು, ಈಗ ಎಲ್ಲರ ಕೈಯಲ್ಲಿ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಹೊಡೆದಾಗ ಹವ್ಯಾಸಿ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರಿನಲ್ಲಿದ್ದರು. ಹವ್ಯಾಸದ ಸಲುವಾಗಿ ತಂಡದೊಂದಿಗೆ ಅಲ್ಲಿಗೆ ಹೋಗಿ ನಿಲ್ದಾಣ ಹೂಡಿದ್ದ ಅವರು, ಅದೇ ನಿಲ್ದಾಣದಿಂದ ದ್ವೀಪದವರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿದರು. ನಮ್ಮ ಕಡೆಗೇ ಬರೋಣ. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ ಉಕ್ಕಿ ಮಂತ್ರಾಲಯ ನೀರಿನಲ್ಲಿ ನಿಂತಿತು, ಕರ್ನೂಲು ನಗರ ಮುಳುಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕೌತಾಳಂ, ಕೋಸಿಗಿ, ಮಂತ್ರಾಲಯ ಕಡೆಯ ಹೊಳೆದಂಡೆಯ ಹಳ್ಳಿಗಳವರಿಗೆ ಎಚ್ಚರವಾಗಿರಲು ಹೇಳಿದರು.

ಅಂಥ ರಾತ್ರಿ ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾದರೆ, ಮಾಳಿಗೆಯ ಮೇಲೆ ಒಂದು ಆಂಟೆನಾ, ಕೆಳಗೆ ಒಂದು ಟ್ರ್ಯಾಕ್ಟರ್ ಬ್ಯಾಟರಿ ಇಷ್ಟೇ ಉಳಿಯುವುದು. ಆಗ ಈ ಲೆಕ್ಕಕ್ಕೆ ಬೇರೆಯೇ ಬೆಲೆ. 145 ಮೆಗಾಹರ್ಟ್ಸಿನಲ್ಲಿ ಆಂಟೆನಾಕ್ಕೆ 5 ವಾಟ್ ತಲುಪಿಸಲು, 30 ಮೀಟರ್ ಆರ್‌ಜಿ-58 ಇದ್ದರೆ ಸೆಟ್ಟು 20 ವಾಟ್ ಕೊಡಬೇಕು. ಎಲ್‌ಎಂಆರ್-400 ಇದ್ದರೆ 7 ವಾಟ್ ಸಾಕು. ಉಳಿದ 13 ವಾಟ್ ಕೇಬಲ್ಲನ್ನು ಬೆಚ್ಚಗೆ ಮಾಡುವುದಕ್ಕೋ, ಅಥವಾ ಬೆಳಗಾಗುವವರೆಗೆ ಮಾತು ನಡೆಸುವುದಕ್ಕೋ ಎಂಬುದನ್ನು ತೀರ್ಮಾನಿಸುವುದು ಆ ರಾತ್ರಿಯಲ್ಲ. ಬಿಸಿಲು ಚೆನ್ನಾಗಿರುವ ದಿನ, ಅಂಗಡಿಯ ಕಟ್ಟೆಯ ಮೇಲೆ ನಿಂತು ನೀವು ಕೇಬಲ್ಲು ಆರಿಸುವಾಗಲೇ ಅದು ತೀರ್ಮಾನವಾಗಿರುತ್ತದೆ.

ಆದ್ದರಿಂದ ಲೈಸೆನ್ಸು ಪಡೆಯುವ ನಮ್ಮ ಆದವಾನಿ, ಆಲೂರು, ಹೊಳಗುಂದ, ಹಾಲಹರವಿ ಕಡೆಯ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ಸೆಟ್ಟಿಗೆ ಎಷ್ಟು, ಆಂಟೆನಾಕ್ಕೆ ಎಷ್ಟು ಎಂದು ಬರೆಯುವ ಚೀಟಿಯಲ್ಲಿ ಕೇಬಲ್ಲಿನ ಸಾಲನ್ನು ಕೊನೆಗೆ ಬರೆಯಬೇಡಿ, ಮೊದಲು ಬರೆಯಿರಿ. ಅಣೆಕಟ್ಟಿನಲ್ಲಿ ಎಷ್ಟು ಬಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ, ಕೊನೆಯ ತೂಬಿಗೆ ಎಷ್ಟು ಬಂತು ಎಂಬುದೇ ಲೆಕ್ಕ.